ತೆರೆಯದೇ ಹೋದ ಪಟ್ಟಿಯಲ್ಲಿ ಮೂರು ಹೆಸರುಗಳಿದ್ದವು

ಮಾನ್ಯ ಆಡಳಿತ ನಿರ್ದೇಶಕರೇ,

ಕಾರವಾರದ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ಮೊದಲ ಹಂತದ ನಲವತ್ತೊಂದು ಕಂಪ್ಯೂಟರುಗಳಿಗೂ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವ ಕೆಲಸ ‘ನೂರಕ್ಕೆ ನೂರು ಯಶಸ್ವಿ’ ಎಂದು ತಮ್ಮ ವರದಿ ಹೇಳುತ್ತದೆ. ಆ ನಲವತ್ತೊಂದರಲ್ಲಿ ಒಂದು ನನ್ನ ಮೇಜಿನ ಮೇಲಿದೆ. ನಾನು ರಕ್ತನಿಧಿಯ ತಂತ್ರಜ್ಞೆ. ಹೊಸ ಸಿಸ್ಟಮ್ ಬಂದ ಹನ್ನೊಂದನೆಯ ದಿನ ಶೆಟಗೇರಿಯ ಹೊನ್ನು ಎಂಬ ಇಪ್ಪತ್ತಾರರ ಬಾಣಂತಿ ರಕ್ತ ಸಿಗದೆ ನಮ್ಮಲ್ಲಿ ಸತ್ತಳು. ಅವಳಿಗೆ ರಕ್ತ ಕೊಡಬಲ್ಲವರ ಹೆಸರು ಅದೇ ಕಂಪ್ಯೂಟರಿನ ಒಳಗಿತ್ತು. ಅದನ್ನು ತೆರೆಯಲಾಗಲಿಲ್ಲ. ತಮ್ಮ ವರದಿಯಲ್ಲಿ ಹೊನ್ನುವಿನ ಹೆಸರಿಲ್ಲ, ಆದ್ದರಿಂದ ಈ ಪತ್ರ. ಅವಳು ಹೋದ ಮೇಲೆ ಕಚೇರಿಯ ಮೂಲಕವೇ ಮೂರು ಪತ್ರ ಬರೆದೆ. ಮೂರಕ್ಕೂ ‘ಗಮನಿಸಲಾಗಿದೆ’ ಎಂಬ ಒಂದೇ ಉತ್ತರ ಬಂತು. ಗಮನಿಸುವುದರಲ್ಲಿ ತಮ್ಮ ಕಚೇರಿಯನ್ನು ಮೀರಿಸುವವರಿಲ್ಲ. ಇನ್ನು ಊರೂ ಗಮನಿಸಲಿ ಎಂದು ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ತಮಗೆ ನೆನಪಿಲ್ಲದಿರಬಹುದು, ರಕ್ತದಾನಿಗಳ ಪಟ್ಟಿಗಾಗಿ ನಮ್ಮಲ್ಲಿ ಒಂದು ಪುಟ್ಟ ಪ್ರೋಗ್ರಾಂ ಇತ್ತು. ಕಾರವಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಸದಾಶಿವ ಮಾಸ್ತರರು ಬಹಳ ಹಿಂದೆ ಪುಕ್ಕಟೆಯಾಗಿ ಬರೆದುಕೊಟ್ಟದ್ದು. ನೀಲಿ ಪರದೆ, ಬಿಳಿ ಅಕ್ಷರ, ನೋಡಲು ಏನೇನೂ ಚೆಂದವಿಲ್ಲ. ಗುಂಪು ಟೈಪ್ ಮಾಡಿದರೆ ಹೆಸರು, ಊರು, ಫೋನ್ ನಂಬರು ಬರುತ್ತಿದ್ದವು. ಹದಿನಾಲ್ಕು ವರ್ಷ ಅದರಲ್ಲಿ ನಾನೇ ಹೆಸರುಗಳನ್ನು ತುಂಬಿದ್ದೇನೆ. ಹಳೆಯ ಸಿಸ್ಟಮ್‌ಗೆ ಇನ್ನು ಭದ್ರತೆಯ ಬೆಂಬಲ ಇರುವುದಿಲ್ಲ, ಬದಲಿಸಲೇಬೇಕು ಎಂದು ತಮ್ಮ ಸುತ್ತೋಲೆ ಬಂದಾಗ ನಾನು ವಿರೋಧಿಸಲಿಲ್ಲ. ಆಸ್ಪತ್ರೆಯ ಕಂಪ್ಯೂಟರಿಗೆ ಕಳ್ಳರು ನುಗ್ಗಬಾರದು ಎನ್ನುವುದು ನನಗೂ ಗೊತ್ತು. ಈ ಪ್ರೋಗ್ರಾಂ ಹೊಸ ಸಿಸ್ಟಮ್‌ನಲ್ಲಿ ನಡೆಯುತ್ತದೋ ಇಲ್ಲವೋ, ಮೊದಲು ಒಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿ ಎಂದಷ್ಟೇ ಬರೆದೆ. ಗಮನಿಸಲಾಯಿತು.

ಇಲ್ಲಿ ನನ್ನ ಪಾಲಿನದನ್ನು ಹೇಳಿಬಿಡುತ್ತೇನೆ. ಸುತ್ತೋಲೆಯ ಗಡುವಿಗೆ ಮುಂಚಿನ ಶನಿವಾರ, ಅಪರೂಪದ ಗುಂಪುಗಳ ಹೆಸರನ್ನಾದರೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳೋಣ ಎಂದು ಪೆನ್ನು ತೆಗೆದೆ. ಕರೆಂಟು ಹೋಯಿತು. ಸೋಮವಾರ ಬೆಳಿಗ್ಗೆ ಬರೆದರಾಯಿತು ಎಂದು ಅಂಕೋಲೆಯ ಬಸ್ ಹಿಡಿದೆ. ಸೋಮವಾರ ನಾನು ಬರುವಷ್ಟರಲ್ಲಿ ಹೊಸ ಸಿಸ್ಟಮ್ ಹಾಕುವ ಏಜೆನ್ಸಿಯ ಇಂಜಿನಿಯರು ನನ್ನ ಕುರ್ಚಿಯಲ್ಲಿ ಕೂತಿದ್ದರು.

“ಅರ್ಧ ಗಂಟೆ ಕೊಡಿ,” ಎಂದೆ.

“ಮಧ್ಯಾಹ್ನದೊಳಗೆ ಏಳು ಮಷಿನ್ ಮುಗಿಸ್ಬೇಕು ಮೇಡಂ. ಫೈಲ್ ಎಲ್ಲ ಹಾಗೇ ಇರ್ತದೆ, ಬ್ಯಾಕಪ್ ತಗೊಂಡಾಗಿದೆ. ವಿಭಾಗದವರ ಒಪ್ಪಿಗೆ ಬೇಕು, ನೀವೇ ಒತ್ತಿಬಿಡಿ.”

ಪರದೆಯ ಮೇಲೆ ‘ಮುಂದುವರಿಯಲೇ’ ಎಂಬ ಪ್ರಶ್ನೆ ಇತ್ತು. ಒತ್ತಿದೆ. ಒತ್ತಿದ್ದು ನನ್ನ ಬೆರಳು, ಅದನ್ನು ತಮ್ಮ ಮೇಲೆ ಹೊರಿಸುವುದಿಲ್ಲ.

ಮಧ್ಯಾಹ್ನ ಹೊಸ ಪರದೆ ಬಂತು, ಯಾವುದೋ ಹಿಮದ ಬೆಟ್ಟದ ಚಿತ್ರದೊಂದಿಗೆ. ಸದಾಶಿವ ಮಾಸ್ತರರ ಪ್ರೋಗ್ರಾಂ ಒತ್ತಿದರೆ ‘ಇದು ಈ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ’ ಎಂಬ ಒಂದು ಸಾಲು. ಇಂಜಿನಿಯರು ಹೇಳಿದ್ದು ಸುಳ್ಳಲ್ಲ, ಫೈಲು ಇತ್ತು. ಅದನ್ನು ಓದಬಲ್ಲ ಪ್ರೋಗ್ರಾಂ ಸತ್ತಿತ್ತು. ಬ್ಯಾಕಪ್ಪಿನಲ್ಲಿದ್ದದ್ದೂ ಅದೇ ಫೈಲು. ಅಂದೇ ದೂರು ಕೊಟ್ಟೆ, ದೂರಿಗೊಂದು ನಂಬರು ಸಿಕ್ಕಿತು. ಮರುದಿನ ನಿವೃತ್ತ ಮಾಸ್ತರರಿಗೆ ಫೋನ್ ಮಾಡಿದೆ. ಅವರು, “ನನ್ನ ಹತ್ರ ಹಳೇ ಕಂಪ್ಯೂಟರ್ ಇನ್ನೂ ಅದೆ. ಒಂದು ಪ್ರತಿ ತಕ್ಕಂಡು ಬನ್ನಿ, ನೋಡ್ವ,” ಎಂದರು. ಅನುಮತಿ ಕೇಳಿ ತಮಗೆ ಬರೆದೆ. ದಾನಿಗಳ ಮಾಹಿತಿ ಆಸ್ಪತ್ರೆಯಿಂದ ಹೊರಗೆ ಹೋಗುವಂತಿಲ್ಲ ಎಂದು ಉತ್ತರ ಬಂತು, ಬ್ಯಾಕಪ್ ಪ್ರತಿಗಳನ್ನೆಲ್ಲ ಕೇಂದ್ರ ಕಚೇರಿ ತನ್ನ ವಶಕ್ಕೆ ತೆಗೆದುಕೊಂಡು, ನನ್ನ ಕಂಪ್ಯೂಟರಿನಲ್ಲಿದ್ದ ಫೈಲನ್ನು ನಕಲು ಮಾಡಲಾಗದಂತೆ ಬೀಗ ಹಾಕಿತು. ಆ ಒಂದು ಪತ್ರಕ್ಕೆ ಮಾತ್ರ ತಮ್ಮ ಕಚೇರಿ ಒಂದೇ ದಿನದಲ್ಲಿ ಎದ್ದು ಕೂತಿತು.

ಹನ್ನೊಂದನೆಯ ದಿನ, ಗುರುವಾರ, ಬೆಳಿಗ್ಗೆ ಒಂಬತ್ತೂವರೆಗೆ ಹೊನ್ನುವಿಗೆ ಹೆಣ್ಣು ಮಗುವಾಯಿತು. ರಕ್ತಸ್ರಾವ ನಿಲ್ಲಲಿಲ್ಲ. ಅವಳ ‘ತಾಯಿ ಕಾರ್ಡ್’ನಲ್ಲಿ ‘ಓ’ ಗುಂಪು ಎಂದಿತ್ತು. ನನ್ನ ಫ್ರಿಜ್ಜಿನಲ್ಲಿ ಓ ಗುಂಪಿನ ಆರು ಚೀಲಗಳಿದ್ದವು. ಕೊಡುವ ಮೊದಲು ರೋಗಿಯ ರಕ್ತದೊಂದಿಗೆ ಹೊಂದಿಸಿ ನೋಡುತ್ತೇವಲ್ಲ, ಆರೂ ಹೊಂದಲಿಲ್ಲ. ಆರೂ ನಳಿಕೆಗಳಲ್ಲಿ ರಕ್ತ ಗಂಟುಗಂಟಾಗಿ ಒಡೆದು ನಿಂತಿತ್ತು. ಇನ್ನೊಂದು ಪರೀಕ್ಷೆ ಮಾಡಿದೆ. ಅವಳದು ‘ಬಾಂಬೆ’ ಗುಂಪು. ಮೇಲ್ನೋಟಕ್ಕೆ ಓ ಎಂದೇ ಕಾಣುವ, ಆದರೆ ಓ ರಕ್ತವನ್ನೂ ತಾಳಿಕೊಳ್ಳದ ಗುಂಪು. ಸಾವಿರಾರು ಜನರಲ್ಲಿ ಒಬ್ಬರಿಗಿರುತ್ತದೆ. ಅವರಿಗೆ ಅದೇ ಗುಂಪಿನವರ ರಕ್ತವೇ ಬೇಕು.

ಹದಿನಾಲ್ಕು ವರ್ಷಗಳಲ್ಲಿ ಅಂಥ ಮೂವರ ಹೆಸರನ್ನು ನಾನು ಆ ಪಟ್ಟಿಗೆ ಸೇರಿಸಿದ್ದೆ. ಮೂವರೂ ಅಲ್ಲಿದ್ದಾರೆ ಎಂದು ನನಗೆ ಗೊತ್ತು. ನನಗೂ ಅವರಿಗೂ ನಡುವೆ ಹಿಮದ ಬೆಟ್ಟ.

ಕಂಪ್ಯೂಟರ್ ದೂರುಗಳ ಸಹಾಯವಾಣಿಗೆ ಫೋನ್ ಮಾಡಿದೆ. “ನಿಮ್ಮ ದೂರು ಪ್ರಗತಿಯಲ್ಲಿದೆ,” ಎಂದರು. ಇಲ್ಲೊಬ್ಬಳು ಸಾಯುತ್ತಿದ್ದಾಳೆ, ಆ ಫೈಲು ಬೇಕು ಎಂದೆ. ತುರ್ತು ದೂರಿಗೆ ವಿಭಾಗದ ಮುಖ್ಯಸ್ಥರ ಸಹಿಯುಳ್ಳ ಮೇಲ್ ಬೇಕಂತೆ. ಮುಖ್ಯಸ್ಥರು ಅಂದು ಊರಲ್ಲಿರಲಿಲ್ಲ. ಫೋನಿನ ಆ ಕಡೆ ಇದ್ದ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ, ಅವಳ ಮುಂದೆಯೂ ಯಾರೋ ಬರೆದುಕೊಟ್ಟ ಹಾಳೆ ಇದ್ದಿರಬೇಕು. ಗೋವೆ, ಹುಬ್ಬಳ್ಳಿ, ಮಂಗಳೂರು ಎಲ್ಲ ಕಡೆ ಕೇಳಿದೆ. ಕೊನೆಗೆ ಬೆಳಗಾವಿಯಲ್ಲಿ ಒಂದು ಚೀಲ ಇದೆ, ಹೊರಡಿಸುತ್ತೇವೆ ಎಂದರು. ಅಲ್ಲಿಂದ ಘಟ್ಟ ಇಳಿದು ಇಲ್ಲಿಗೆ ಬರಬೇಕು.

ಹೊನ್ನುವಿನ ಗಂಡ ಜಟ್ಟು ರಕ್ತನಿಧಿಯ ಬಾಗಿಲಲ್ಲಿ ನಿಂತಿದ್ದ. ಶೆಟಗೇರಿಯಲ್ಲಿ ಸ್ವಲ್ಪ ಗದ್ದೆ ಮಾಡಿಕೊಂಡು ಗಾರೆ ಕೆಲಸಕ್ಕೂ ಹೋಗುವವನು, ಉಗುರಿನ ಸಂದಿಯಲ್ಲಿ ಸಿಮೆಂಟು ಹಾಗೇ ಇತ್ತು.

“ಬಾಯೋರೆ, ಯಾರದ್ದೋ ಹೆಸ್ರ ನಿಮ್ಗೆ ಗೊತ್ತದೆ ಅಂದ್ರಲ್ಲ. ಅವ್ರ ಊರ ಹೇಳಿ ಸಾಕು. ನಾ ಹೋಗಿ ಹೊತ್ತಕಂಡಾದ್ರೂ ಬರ್ತೆ.”

ಮೂವರಲ್ಲಿ ಒಬ್ಬರ ಮುಖ ಮಾತ್ರ ನನ್ನ ಕಣ್ಣ ಮುಂದೆ ಬಂತು. ದೇವಾನಂದ ಎಂದು ಹೆಸರು, ಐವತ್ತರ ಆಸುಪಾಸು, ರಕ್ತ ಕೊಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಊರು? ಕಣ್ಣು ಮುಚ್ಚಿ ಆ ನೀಲಿ ಪರದೆಯನ್ನು ನೆನಪಿಸಿಕೊಂಡೆ. ಬಿಳಿ ಅಕ್ಷರಗಳು ಕಂಡಂತೆಯೇ ಆಯಿತು.

“ಕದ್ವಾಡ,” ಎಂದೆ.

ಅವನು ಗೆಳೆಯನ ಬೈಕು ಹತ್ತಿ ಹೋದ. ಕದ್ವಾಡದಲ್ಲಿ ಮನೆಮನೆಯ ಬಾಗಿಲು ತಟ್ಟಿದ. ಅಂಗಡಿಯಲ್ಲಿ, ದೇವಸ್ಥಾನದಲ್ಲಿ, ದೋಣಿಯ ಹತ್ತಿರ ಕೇಳಿದ. ದೇವಾನಂದ ಎಂಬ ಹೆಸರಿನ ಇಬ್ಬರು ಸಿಕ್ಕರಂತೆ, ಅವರಿಬ್ಬರೂ ಪಾಪ, ನಮ್ಮ ರಕ್ತ ಆದರೂ ತಕ್ಕಳ್ಳಿ ಎಂದು ಹೊರಟು ನಿಂತರಂತೆ. ಒಂದು ಗಂಟೆಗೆ ಅವನ ಫೋನ್ ಬಂತು. “ಇಲ್ಲಿ ಇಲ್ಲ ಬಾಯೋರೆ. ಮತ್ತೊಂದ್ಸಲ ನೆನಪ ಮಾಡ್ಕಳಿ.” ಮಾಡಿಕೊಂಡೆ. ಮತ್ತೆ ಕದ್ವಾಡವೇ ಬಂತು. ನೋಡ್ತಾ ಇರು ಎಂದೆ. ಎರಡೂವರೆಗೆ ನಾನೇ ಅವನನ್ನು ವಾಪಸು ಕರೆದೆ. ಡಾಕ್ಟರು ಗರ್ಭಕೋಶ ತೆಗೆದೂ ಆಗಿತ್ತು, ಕೈಲಾದುದನ್ನೆಲ್ಲ ಮಾಡಿದ್ದರು. ಮೂರು ಗಂಟೆ ಹತ್ತು ನಿಮಿಷಕ್ಕೆ ಹೊನ್ನು ಹೋದಳು. ಜಟ್ಟು ಬಂದಾಗ ಮೂರೂಕಾಲು.

ಬೆಳಗಾವಿಯ ಚೀಲ ನಾಲ್ಕು ಗಂಟೆಗೆ ಬಂತು. ಸಹಿ ಹಾಕಿ ತೆಗೆದುಕೊಂಡು ಫ್ರಿಜ್ಜಿನಲ್ಲಿಟ್ಟೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ನಾಲ್ಕೂವರೆಗೆ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಅಂಗಿಯ ಎಡತೋಳನ್ನು ಆಗಲೇ ಮಡಚಿಕೊಂಡಿದ್ದರು.

“ಬಾಯೋರೆ, ನಾ ದೇವಾನಂದ. ನನ್ನ ಹುಡುಕ್ತಿದ್ರಂತೆ. ಕದ್ವಾಡದಾಗೆ ನನ್ನ ಹೆಂಡ್ತಿ ತೌರಮನೆಯವ್ರಿಗೆ ಯಾರೋ ಹೇಳಿ, ಅವ್ರು ಈಗ ಫೋನ್ ಮಾಡಿದ್ರು. ಅಂಗಡಿ ಬಾಗ್ಲ ಹಾಕಿ ಬಂದೆ.”

ಅವರದು ಸದಾಶಿವಗಡ, ಕದ್ವಾಡದಿಂದ ಹೊಳೆ ದಾಟಿ ಹೋಗಬೇಕಾದ ಊರು. ಅಲ್ಲಿ ರಸ್ತೆ ಬದಿಯಲ್ಲಿ ಗ್ಯಾಸ್ ಒಲೆ ರಿಪೇರಿಯ ಅಂಗಡಿ. ಮೊದಲ ಸಲ ರಕ್ತ ಕೊಟ್ಟಾಗ ಹೆಂಡತಿಯ ಮನೆಯಲ್ಲಿದ್ದರು, ಆಗ ಕದ್ವಾಡ ಎಂದು ಬರೆಸಿದ್ದರು. ಆಮೇಲೆ ಅದನ್ನು ತಿದ್ದಿದ್ದೂ ನಾನೇ. ನನ್ನ ತಲೆ ತಿದ್ದಿಕೊಂಡಿರಲಿಲ್ಲ, ಕಂಪ್ಯೂಟರು ತಿದ್ದಿಕೊಂಡಿತ್ತು. ಜಟ್ಟು ಹೊಳೆಯ ಈಚೆ ಬಾಗಿಲು ತಟ್ಟುತ್ತಿದ್ದಾಗ ಇವರು ಹೊಳೆಯ ಆಚೆ ಒಲೆ ಬಿಚ್ಚಿಕೊಂಡು ಕೂತಿದ್ದರು.

ನನ್ನ ಮುಖ ನೋಡಿದರು. ಅವರಿಗೇ ತಿಳಿಯಿತು. ಮಡಚಿದ ತೋಳನ್ನು ನಿಧಾನವಾಗಿ ಬಿಡಿಸಿಕೊಂಡರು.

“ಫೋನ್ ಇಡೀ ದಿನ ನನ್ನ ಎದ್ರಿಗೇ ಇತ್ತಲ್ರ,” ಎಂದರು. “ಒಂದು ರಿಂಗ್ ಕೊಟ್ಟಿದ್ರೆ ಸಾಕಿತ್ತು.”

ಇದಾಗಿ ಐದು ತಿಂಗಳು. ಈಗಲೂ ಬಸ್ಸಿನಲ್ಲಿ ಕೂತಾಗ ನನ್ನ ಬಾಯಿ ತಾನಾಗಿಯೇ ಕದ್ವಾಡ ಎನ್ನುತ್ತದೆ, ಪಕ್ಕದಲ್ಲಿ ಕೂತವರು, ಈ ಬಸ್ಸು ಅಲ್ಲಿಗೆ ಹೋಗುವುದಿಲ್ಲ ಎನ್ನುತ್ತಾರೆ. ನಳಿಕೆಯಲ್ಲಿ ರಕ್ತ ಸರಿಯಾಗಿ ಹೊಂದಿದಾಗಲೂ ನನ್ನ ಕಣ್ಣಿಗೆ ಗಂಟುಗಳೇ ಕಾಣುತ್ತವೆ. ಮೂರು ಮೂರು ಸಲ ನೋಡುತ್ತೇನೆ, ವಾರ್ಡಿನವರು ತಡವಾಯಿತು ಎಂದು ಗೊಣಗುತ್ತಾರೆ. ದೇವಾನಂದರು ಎರಡು ಸಲ ಬಂದು ಹೋದರು. ರಕ್ತ ಕೊಡಲು ಅಲ್ಲ, ತಮ್ಮ ನಂಬರು ಸರಿಯಾಗಿದೆಯೇ ಎಂದು ಕೇಳಲು. ನನ್ನ ಎದುರಿಗೇ ಒಮ್ಮೆ ಡಯಲ್ ಮಾಡಿಸಿ, ಜೇಬಿನಲ್ಲಿ ಅದು ಬಡಿದುಕೊಳ್ಳುವುದನ್ನು ಕೇಳಿಸಿಕೊಂಡು ಹೋಗುತ್ತಾರೆ. ಅವರು ಏನು ತಪ್ಪು ಮಾಡಿದ್ದರು?

ಈ ವರದಿಗೆ ಮೊದಲು ತಾವು ವಿಚಾರಣೆಗೊಂದು ಸಮಿತಿ ಮಾಡಿದಿರಿ. ಫೈಲಿನ ಪ್ರತಿಯನ್ನು ಕೊನೆಗೂ ಸದಾಶಿವ ಮಾಸ್ತರರ ಮನೆಗೆ ಒಯ್ದರು, ನಾನೂ ಇದ್ದೆ. ಅವರು ಹಳೆಯ ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಸಿ, ಕನ್ನಡಕ ಒರೆಸಿಕೊಂಡು ಕೂತರು. ಹತ್ತು ನಿಮಿಷ. ನೀಲಿ ಪರದೆಯ ಮೇಲೆ ಮೂರೂ ಹೆಸರು ಬಂದವು. ದೇವಾನಂದ, ಸದಾಶಿವಗಡ, ಕೆಳಗೆ ಫೋನ್ ನಂಬರು. ಸಮಿತಿಯ ಸದಸ್ಯರು ಅದರ ಫೋಟೋ ತೆಗೆದುಕೊಂಡರು. ಮಾಸ್ತರರು ಯಾರ ಮುಖವನ್ನೂ ನೋಡದೆ, “ಇಷ್ಟೇ ಆಗಿತ್ತು,” ಎಂದರು. ಆ ಹತ್ತು ನಿಮಿಷ ತಮ್ಮ ವರದಿಯ ಯಾವ ಪುಟದಲ್ಲಿದೆ? ‘ಮಾಹಿತಿ ನಷ್ಟವಾಗಿಲ್ಲ’ ಎಂದು ಮಾತ್ರ ಇದೆ. ನಿಜವೇ, ಮಾಹಿತಿ ಒಂದಕ್ಷರವೂ ನಷ್ಟವಾಗಿಲ್ಲ. ‘ರಕ್ತ ಸಿಕ್ಕಿದ್ದರೂ ರೋಗಿ ಉಳಿಯುತ್ತಿದ್ದರೆಂದು ಹೇಳಲಾಗದು’ ಎಂದೂ ಇದೆ. ಅದೂ ನಿಜ. ಹೇಳಲಾಗದು ಎನ್ನುವುದರಿಂದ ತಮಗೆ ಸಮಾಧಾನ ಸಿಕ್ಕಿದೆ, ನನ್ನ ನೆಮ್ಮದಿ ಹೋಗಿರುವುದೂ ಅದರಿಂದಲೇ. ಉಳಿಯುತ್ತಿರಲಿಲ್ಲ ಎಂದು ಯಾರಾದರೂ ಖಚಿತವಾಗಿ ಹೇಳಿದ್ದರೆ ನಾನು ಕಣ್ತುಂಬ ನಿದ್ದೆ ಮಾಡುತ್ತಿದ್ದೆ.

ಕಳೆದ ವಾರ ಜಟ್ಟು ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದವನು ರಕ್ತನಿಧಿಗೂ ಬಂದ.

“ಇದರ ರಕ್ತಾನೂ ಅವ್ಳಂತದ್ದೇ ಏನ ಬಾಯೋರೆ? ನೋಡಿ ಹೇಳಿ.”

ನೋಡಿದೆ, ಮೂರು ಸಲ. ಮಗುವಿನದು ಬಿ ಗುಂಪು, ಎಲ್ಲ ಊರಲ್ಲೂ ಸಿಗುವ ರಕ್ತ. ಹೇಳಿದಾಗ ಅವನು ಗೋಡೆಗೆ ಒರಗಿ ನಿಂತುಕೊಂಡ. ಕಂಪ್ಯೂಟರಿನ ಕಡೆ ನೋಡಿ, “ಅದ್ರ ಒಳಗೆ ಹಾಕ್ಬೇಡಿ. ಕಾಗ್ದದ ಮೇಲೆ ಬರ್ದ ಕೊಡಿ,” ಎಂದ. ಬರೆದುಕೊಟ್ಟೆ. ನಿಯಮದ ಪ್ರಕಾರ ಕಂಪ್ಯೂಟರಿನಲ್ಲಿ ನಮೂದಿಸಬೇಕಿತ್ತು, ನಮೂದಿಸಿಲ್ಲ. ತಾವು ಇದನ್ನು ನನ್ನ ತಪ್ಪೊಪ್ಪಿಗೆ ಎಂದೇ ಇಟ್ಟುಕೊಳ್ಳಬಹುದು.

ಮುಂದಿನ ತಿಂಗಳು ಡಯಾಲಿಸಿಸ್ ವಿಭಾಗಕ್ಕೂ ನವಜಾತ ಶಿಶುಗಳ ವಾರ್ಡಿಗೂ ಹೊಸ ಸಿಸ್ಟಮ್ ಬರುತ್ತದೆ ಎಂದು ಸುತ್ತೋಲೆ ಬಂದಿದೆ. ಬರಲಿ. ಆದರೆ ಅಲ್ಲಿ ಕೆಲಸ ಮಾಡುವವರು ತಮ್ಮ ಪ್ರತಿಯೊಂದು ಪ್ರೋಗ್ರಾಮನ್ನೂ ಹೊಸದರಲ್ಲಿ ನಡೆಸಿ ನೋಡಿ, ನಡೆಯಿತು ಎಂದು ಬರೆದುಕೊಡುವ ತನಕ ಹಳೆಯದನ್ನು ಯಾರೂ ಮುಟ್ಟಕೂಡದು. ಇದು ನನ್ನ ಮೊದಲ ಒತ್ತಾಯ. ವರದಿಯಲ್ಲಿ ಹೊನ್ನುವಿನ ಹೆಸರು, ಊರು, ಅವಳು ಹೋದ ಹೊತ್ತು ಸೇರಬೇಕು. ಇದು ಎರಡನೆಯದು. ಮೂರನೆಯದಕ್ಕೆ ಕಾಗದಪತ್ರ ಬೇಕಿಲ್ಲ. ತಾವು ಒಂದು ದಿನ ಶೆಟಗೇರಿಗೆ ಹೋಗಬೇಕು. ಅಲ್ಲಿ ತಮ್ಮನ್ನು ಯಾರೂ ಬೈಯುವುದಿಲ್ಲ, ಕೂರಲು ಕುರ್ಚಿ ಕೊಟ್ಟು ಚಾ ಕೊಡುತ್ತಾರೆ. ಜಟ್ಟು ಒಂದೇ ಪ್ರಶ್ನೆ ಕೇಳುತ್ತಾನೆ, ನನ್ನನ್ನೂ ಕೇಳಿದ್ದಾನೆ. “ಹೆಸ್ರ ಒಳಗೇ ಇತ್ತಂತಲ್ಲ, ಮತ್ತೆ ಯಾಕೆ ಸಿಕ್ಲಿಲ್ಲ?” ನಾನು ಕೊಟ್ಟ ಉತ್ತರ ಅವನಿಗೆ ಅರ್ಥವಾಗಿಲ್ಲ. ತಾವು ಹೋಗಿ ಹೇಳಿ.

ಇಂತಿ,
ಜಟ್ಟುವನ್ನು ಹೊಳೆಯ ತಪ್ಪು ದಡಕ್ಕೆ ಕಳಿಸಿದ,
ವೀಣಾ ನಾಯಕ, ಅಂಕೋಲಾ
ರಕ್ತನಿಧಿ ತಂತ್ರಜ್ಞೆ, ಈ ಪತ್ರ ತಮ್ಮ ಕೈ ಸೇರುವವರೆಗಾದರೂ