ಅಪ್ಪನ ಬಾವಿಯ ಹೆಮ್ಲಾಕ್ ದಿಮ್ಮಿ

ಟೈನರ್ ತೊರೆ, ಪೆನ್ಸಿಲ್ವೇನಿಯಾ
೧೪ ಅಕ್ಟೋಬರ್ ೨೦೨೩, ಶನಿವಾರ

ಪ್ರೀತಿಯ ತಮ್ಮ ವರ್ನ್,

ನಿನ್ನ ಮಂಡಿನೋವು ಹೇಗಿದೆ? ಅಲಾಸ್ಕಾದ ಚಳಿಯಲ್ಲಿ ಅದು ಸುಮ್ಮನಿರುತ್ತದೆಂಬ ನಂಬಿಕೆ ನನಗಿಲ್ಲ. ಎರಡು ಜೊತೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಬಣ್ಣ ನೋಡಿ ಮೂಗು ಮುರಿಯದೆ ಹಾಕಿಕೊ. ನಾನು ಗಟ್ಟಿಯಾಗಿದ್ದೇನೆ. ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತೇನೆ, ಬೇಡವೆಂದದ್ದನ್ನೆಲ್ಲ ತಿನ್ನುತ್ತೇನೆ.

ಈಗ ಸುದ್ದಿ ಕೇಳು. ನೀನು ಗೆದ್ದೆ. ನಲವತ್ತೊಂಬತ್ತು ವರ್ಷ ತಡವಾಯಿತು, ಆದರೂ ಗೆದ್ದೆ. ನಮ್ಮ ಕಾಡಿನ ಹಾಳು ಎಣ್ಣೆಬಾವಿಗಳನ್ನು ಸರಿಯಾಗಿ ಮುಚ್ಚಲು ಬೇಸಿಗೆಯಿಂದ ಒಂದು ತಂಡ ಇಲ್ಲಿ ಬೀಡುಬಿಟ್ಟಿದೆ. ಹನ್ನೊಂದು ಬಾವಿ ಮುಚ್ಚಿದರು, ಅಪ್ಪನದನ್ನು ಮಾತ್ರ ಮುಟ್ಟಲಿಲ್ಲ. ಸಿಮೆಂಟ್ ತುಂಬಿಸಿದ್ದೇನೆಂದು ಅಪ್ಪ ಸಹಿ ಹಾಕಿದ ಕಾಗದ ಇನ್ನೂ ಅವರ ಕಡತದಲ್ಲಿದೆ. ಮನೆಗೆ ಒಂದು ಮೂಟೆ ಸಿಮೆಂಟೂ ಬಂದಿಲ್ಲವೆಂದು ಹದಿನೇಳು ವರ್ಷದ ನೀನು ತನಿಖೆಗೆ ಬಂದವನ ಮುಂದೆ ಹೇಳಿದ್ದಕ್ಕೆ ಅಪ್ಪ ನಿನ್ನನ್ನು ಸುಳ್ಳುಬುರುಕನೆಂದು ಹೊರಗೆ ಹಾಕಿದ. ಆಮೇಲೂ ತೊರೆಯಲ್ಲಿ ಬಾವಿಯ ಅನಿಲದ ಗುಳ್ಳೆ ಏಳುತ್ತಲೇ ಇತ್ತು. ಟ್ರೌಟ್ ಮೀನು ಒಂದೂ ಉಳಿಯಲಿಲ್ಲ. ಊರವರು ಮಾತ್ರ ನಿನ್ನನ್ನೇ ಆಡಿಕೊಂಡರು.

ತಂಡ ಈ ವಾರದ ಕೊನೆಗೆ ಯಂತ್ರ ಕಟ್ಟಿಕೊಂಡು ಹೊರಡುವುದಿತ್ತು. ಸೋಮವಾರ ಬೆಳಿಗ್ಗೆಯೇ ಹೋಗಿ ಅವರ ಮೇಲ್ವಿಚಾರಕಿ ಟ್ರೂಡಿಯನ್ನು ತಡೆದೆ. "ಅಜ್ಜೀ, ಕಾಗದದಲ್ಲಿ ಮುಚ್ಚಿದೆ ಅಂತಿದೆಯಲ್ಲ" ಅಂದಳು. "ಕಾಗದಕ್ಕೆ ಮೂಗಿಲ್ಲ ಕಣೇ, ನಿನಗಿದೆಯಲ್ಲ. ಬಂದು ಮೂಸಿ ನೋಡು" ಅಂದೆ. ಬಂದಳು, ಮೂಸಿದಳು, ಮುಖ ಕಿವುಚಿದಳು. ಆದರೆ ಕಬ್ಬಿಣ ಹುಡುಕುವ ಅವರ ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪ ಬಾವಿಯ ಕಬ್ಬಿಣದ ಕೊಳವೆಯನ್ನೂ ಕಿತ್ತು ಗುಜರಿಗೆ ಹಾಕಿದ್ದನಲ್ಲ. ಕೆಲಸದವರು ಮುಸಿಮುಸಿ ನಗತೊಡಗಿದರು. ನನಗೆ ರೇಗಿತು. ಹಳೆಯ ಬಾಯ್ಲರ್ ಕಟ್ಟೆಯಿಂದ ಹೆಜ್ಜೆ ಅಳೆದು, ಜರೀಗಿಡಗಳ ನಡುವೆ ಕೋಲು ನೆಟ್ಟು, "ಇಲ್ಲಿ ಅಗೀರಿ. ನಿಮ್ಮ ಕೈಲಾಗದಿದ್ರೆ ಗುದ್ದಲಿ ಇತ್ತ ಕೊಡಿ" ಅಂದೆ.

ಆರಡಿ ಕೆಳಗೆ ಸಿಕ್ಕಿತು ವರ್ನ್. ಬಾವಿಯ ಬಾಯಿಗೆ ಜಡಿದ ಹೆಮ್ಲಾಕ್ ಮರದ ದಿಮ್ಮಿ, ಸುತ್ತ ತೊರೆಯ ಕಲ್ಲು. ಸಿಮೆಂಟಿನ ಚೂರೂ ಇಲ್ಲ. ದಿಮ್ಮಿ ಎಳೆದೊಡನೆ ಅನಿಲ ಬುಸ್ಸೆಂದಿತು, ಎಲ್ಲರೂ ಹಿಂದಕ್ಕೋಡಿದರು. ಮೂರು ದಿನ ತಳದವರೆಗೆ ಶುಚಿಮಾಡಿ ಸಿಮೆಂಟ್ ತುಂಬಿಸಿದರು. ನಿನ್ನೆ ಸಂಜೆ ತೊರೆಯ ದಡದಲ್ಲಿ ಒಂದು ಗಂಟೆ ಕೂತಿದ್ದೆ, ಒಂದು ಗುಳ್ಳೆಯೂ ಏಳಲಿಲ್ಲ. ಮೊದಲು ದೂರು ಕೊಟ್ಟವರ ಹೆಸರೇನೆಂದು ಟ್ರೂಡಿ ಕೇಳಿದಳು. ವರ್ನ್ ಎಕ್‌ಲಂಡ್, ಸಾವಿರದ ಒಂಬೈನೂರ ಎಪ್ಪತ್ತನಾಲ್ಕು ಎಂದು ಬರೆಸಿದೆ. ನಕ್ಕವರೇ ಟೊಪ್ಪಿಗೆ ತೆಗೆದರು. ನಾನು ಅಲ್ಲೇ ಅತ್ತುಬಿಟ್ಟೆ, ಸಂತೋಷಕ್ಕೆ.

ದೇವರು ನಿನ್ನನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ಅಕ್ಕ,
ಆರ್ಡಿಸ್

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಹರಿದು ಬರೆಯುತ್ತಿದ್ದೇನೆ. ಅಂದು ಅಪ್ಪನ ಜೊತೆ ಆ ದಿಮ್ಮಿಯ ಇನ್ನೊಂದು ತುದಿ ಹಿಡಿದು ಬಾವಿಗೆ ಇಳಿಸಿದವಳು ನಾನು. ತನಿಖೆಯವನು ಕೇಳಿದಾಗ, ನಿನ್ನ ಎದುರಿಗೇ, ನನಗೇನೂ ಗೊತ್ತಿಲ್ಲವೆಂದೆ. ನಿನ್ನೆ ಟ್ರೂಡಿಯ ಪುಸ್ತಕದಲ್ಲಿ ಅದನ್ನೂ ಬರೆಸಿ ಸಹಿ ಹಾಕಿದ್ದೇನೆ. ನಿನಗೆ ಬೈಯಬೇಕೆನಿಸಿದರೆ ಕಾಗದದಲ್ಲಿ ಬೇಡ, ಬಂದು ಬೈ.