ಕೈಗೆ ಸಿಗದ ನರ

ಜನವರಿ 9, ಬೆಳಿಗ್ಗೆ

ಮತ್ತೆ ಬಿಸಿನೀರಿನಲ್ಲಿ ಕೈ ಅದ್ದಿ ಕೂತಿದ್ದೆ. ಜ್ವರ, ಕೆಮ್ಮು ಹೋಗಿ ಎರಡು ವಾರವಾಯಿತು. ವೈರಲ್ ಅಂದರು, ವಾಸಿಯೂ ಆಯಿತು. ಈಗ ಬೆರಳ ತುದಿಗಳು ನೇರಳೆ. ಊದಿ, ತುರಿಸಿ, ಉರಿದು... ಕೊನೆಗೆ ಮರಗಟ್ಟುತ್ತವೆ.

"ಇಂಕ್ ಬಾಟಲಿಗೆ ಕೈ ಹಾಕಿದ್ಯಾ?" ಅಂದರು ಇವರು. ನಗು ಬರಲಿಲ್ಲ. ಲ್ಯಾಬಿನಲ್ಲಿ ರಕ್ತ ತೆಗೆಯುವವಳಿಗೆ ಬೆರಳೇ ಕಣ್ಣು.

ಜನವರಿ 12

ಚರ್ಮದ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು. ಸಣ್ಣ ರಕ್ತನಾಳಗಳಿಗೆ ಬಾವು. ವೈರಸ್ ಹೋದರೂ ಮೈ ಇನ್ನೂ ಜಗಳ ನಿಲ್ಲಿಸಿಲ್ಲವಂತೆ.

"ಸಾಮಾನ್ಯವಾಗಿ ತಾನಾಗೇ ಹೋಗತ್ತೆ."

"ಯಾವಾಗ?"

"ಹೇಳಕ್ಕಾಗಲ್ಲ. ಕೈ ಬೆಚ್ಚಗಿಟ್ಕೊಳ್ಳಿ. ಬ್ಲಡ್ ಟೆಸ್ಟ್ ಬರೆದಿದೀನಿ."

ಬೆಚ್ಚಗೆ. ಲ್ಯಾಬಿನ ಏಸಿಗೆ ಯಾರು ಹೇಳುವುದು.

ಇನ್‌ಚಾರ್ಜ್‌ಗೆ ತಿಳಿಸಿಲ್ಲ. ತಿಳಿಸಿದರೆ ಕೌಂಟರಿನಲ್ಲಿ ರಸೀದಿ ಹರಿಯಲು ಕೂರಿಸುತ್ತಾರೆ. ಇದು ಹೆದರಿಕೆಯೋ, ಜಂಬವೋ?

ಜನವರಿ 13

ವಾರವಾರ ರಕ್ತಪರೀಕ್ಷೆಗೆ ಬರುವ ಮೇಷ್ಟ್ರು ಬಂದಿದ್ದರು. ನನಗಲ್ಲದೆ ಬೇರೆ ಯಾರಿಗೂ ಕೈ ಕೊಡುವುದಿಲ್ಲ. ತೋಳಿಗೆ ಪಟ್ಟಿ ಕಟ್ಟಿದೆ, ತಡವಿದೆ. ಬೆರಳಿಗೆ ನರವೇ ಸಿಗಲಿಲ್ಲ. ಅಂದಾಜಿನಲ್ಲಿ ಚುಚ್ಚಿದೆ. ಇಲ್ಲ. ಇನ್ನೊಮ್ಮೆ. ಇಲ್ಲ.

"ಏನಮ್ಮಾ, ಬಾವಿ ಬತ್ತಿತಾ?"

"ನೀವು ನೀರು ಕಮ್ಮಿ ಕುಡಿದಿದೀರಿ, ಸರ್."

ಪಾಪ, ಇರಬಹುದು ಅಂದರು. ಮುಂದಿನ ವಾರ ಬರ್ತೀನಿ ಅಂದರು. ಚುಚ್ಚಿದ ಜಾಗ ನೀಲಿಗಟ್ಟಿತ್ತು — ನನ್ನ ಬೆರಳಿನದೇ ಬಣ್ಣ.

ಜನವರಿ 17

ಇವತ್ತು ನನ್ನದೇ ರಕ್ತ. ತೆಗೆದವಳು ನಮ್ಮ ಲ್ಯಾಬಿನ ಕಿರಿಯವಳು, "ಟೈಲರ್". ಚುಚ್ಚಿ ಚುಚ್ಚಿ ಹೊಲಿಗೆ ಹಾಕುತ್ತಾಳೆಂದು ನಾನೇ ಇಟ್ಟ ಹೆಸರು. ಒಂದೇ ಸಲಕ್ಕೆ ಸಿಕ್ಕಿತು ಅವಳಿಗೆ. ಖುಷಿಪಡಬೇಕಿತ್ತು. ಸಿಟ್ಟು ಬಂತು.

"ಕೈ ಯಾಕಕ್ಕಾ ಹೀಗಾಗಿದೆ?"

"ಚಳಿಗೆ."

"ಚಳಿಗಂತೆ. ಯಾರಿಗೆ ಹೇಳ್ತೀರ ಅಕ್ಕಾ."

ಜನವರಿ 20

ಮೇಷ್ಟ್ರು ಬಂದವರೇ ನೇರ ನನ್ನ ಮುಂದೆ ಕೂತು ಅಂಗಿಯ ತೋಳು ಮಡಚಿದರು. ಸೂಜಿಯ ಪ್ಯಾಕೆಟ್ ಒಡೆದೂ ಆಗಿತ್ತು. ಆ ನೀಲಿ ಇನ್ನೂ ಹೋಗಿರಲಿಲ್ಲ... ಗ್ಲೌಸ್ ಬಿಚ್ಚಿ ಬೆರಳು ತೋರಿಸಿದೆ.

"ಅವತ್ತು ನೀರಿನ ತಪ್ಪಲ್ಲ, ಸರ್. ನನ್ನ ಕೈಯದು. ಇವತ್ತು ಇವಳು ತೆಗೀತಾಳೆ."

"ಯಾರು, ಟೈಲರಮ್ಮನಾ?"

ಹೆಸರು ಅವರವರೆಗೂ ಹೋಗಿದೆ. ನನ್ನ ಬಾಯಿಂದಲೇ ತಾನೆ.

"ನಾನು ಪಕ್ಕದಲ್ಲೇ ಇರ್ತೀನಿ."

ಬಾಗಿಲಲ್ಲಿದ್ದ ಇನ್‌ಚಾರ್ಜ್‌ಗೂ ಕೇಳಿಸಿತು. ನಾಳೆಯಿಂದ ಕೌಂಟರ್. ಎಲ್ಲಿಯವರೆಗೆ ಅಂತ ಕೇಳಿದರು. ಡಾಕ್ಟರಿಗೇ ಗೊತ್ತಿಲ್ಲ, ನಾನೇನು ಹೇಳಲಿ.

ಸೂಜಿ ಇಳಿಯುವಾಗ ಮೇಷ್ಟ್ರು ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. "ಮಂಜುಗಡ್ಡೆ ಆಗಿದೆಯಲ್ಲಮ್ಮಾ." ಬಿಡಲಿಲ್ಲ. ನನ್ನ ನಡುಬೆರಳು ಅವರ ಮಣಿಕಟ್ಟಿಗೆ ತಾಗಿತ್ತು. ನಾಡಿ... ಸಿಕ್ಕಿತೋ, ಸಿಕ್ಕ ಹಾಗೆ ಅನ್ನಿಸಿತೋ. ಈಗ ನನ್ನದೇ ಮಣಿಕಟ್ಟು ಹಿಡಿದು ನೋಡುತ್ತಿದ್ದೇನೆ. ಎಡಗೈ ಬೆರಳಿಗೆ ಸಿಗುತ್ತಿಲ್ಲ. ಬಲಗೈ... ತಡೆ, ಪೆನ್ನು ಇಟ್ಟು—