ಬೀಗರು ಮುರಿದ ಬೋಲ್ಟು

ಮೋರಟಗಿ,
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ವಿಜಯಶ್ರೀಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಹೇಗಿದ್ದೀ? ಸೊಂಟದ ನೋವು ಇಳಿಯಿತೇ? ತಲೆ ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತದೆ ಎಂದು ಅಳುಮೋರೆ ಮಾಡಿದ್ದೆಯಲ್ಲ, ಕಲ್ಮೇಶ ಹುಟ್ಟಿದಾಗ ನನ್ನದೂ ಹಾಗೇ ಉದುರಿತ್ತು. ಮತ್ತೆ ಬಂತು, ಹೆದರಬೇಡ. ಅಂಟಿನುಂಡಿ ಬೇಸರ ಬಂದಿದ್ದರೂ ಬಿಡದೆ ತಿನ್ನು, ತಣ್ಣೀರಿನಲ್ಲಿ ಕೈಯಾಡಿಸಬೇಡ. ನಮ್ಮ ಹೊನ್ನಿ ಮಗುಚಿ ಬೀಳುವ ವಿಡಿಯೋ ನಿಮ್ಮವ್ವ ಕಳಿಸಿದ್ದರು. ಅದರಲ್ಲಿ ಕೂಸಿಗಿಂತ ನಿಮ್ಮವ್ವನ ಸೆರಗೇ ಹೆಚ್ಚು ಕಾಣುತ್ತದೆ, ಆದರೂ ದಿನಾ ನೋಡುತ್ತೇನೆ. ಫೋನ್ ಇರುವಾಗ ಈ ಮುದುಕಿಗೆ ಪತ್ರವೇಕೆ ಬೇಕಾಯಿತು ಎಂದು ನಗಬೇಡ. ಫೋನ್ ಮಾಡಿದರೆ ಅಲ್ಲಿ ನಿಮ್ಮವ್ವ ಸ್ಪೀಕರ್ ಹಾಕುತ್ತಾರೆ, ಇಲ್ಲಿ ನನ್ನ ಮಗ ಹಾಕುತ್ತಾನೆ. ಅತ್ತೆ ಸೊಸೆ ಮಾತಾಡಬೇಕಾದದ್ದನ್ನು ಎರಡು ಊರು ಕೇಳಿಸಿಕೊಳ್ಳುತ್ತವೆ. ಅಂಗನವಾಡಿಯಲ್ಲಿ ಅಷ್ಟು ವರ್ಷ ಬರೆದ ಕೈ, ಸುಮ್ಮನಿರುವುದೂ ಇಲ್ಲ.

ಈಗ ಸುದ್ದಿಗೆ ಬರುತ್ತೇನೆ. ಹೆಸರಿಡುವ ದಿನ ನಮ್ಮ ಕಾರು ತಂಗಡಗಿಯಲ್ಲಿ ನಿಮ್ಮ ಬಾಗಿಲ ಮುಂದೆ ಮಾಡಿದ ಮಾನಗೇಡು ನಿನಗೆ ನೆನಪಿದ್ದೇ ಇದೆ. ನಿಂತಲ್ಲೇ ಗಡಗಡ ನಡುಗಿತು, ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು, ಸುಟ್ಟ ಎಣ್ಣೆಯ ವಾಸನೆ ಪಡಸಾಲೆಯವರೆಗೂ ಹೋಯಿತು. ಕೂಸು ಕೆಮ್ಮಿತು. ಅಷ್ಟು ಮಂದಿಯ ಎದುರು ನಿಮ್ಮಪ್ಪ, "ಈ ಹೊಗಿಗಾಡ್ಯಾಗ ನನ್ನ ಮೊಮ್ಮಗಳು ಹತ್ತಂಗಿಲ್ಲ. ನಮ್ಮ ಜೀಪಿನ್ಯಾಗ ನಾನ ಕಳಸ್ತೇನಿ" ಅಂದರು. ನನ್ನ ಮಗ ಏನು ಕಡಿಮೆಯೇ? "ನನ್ನ ಮಗಳು ಬಂದ್ರ ನನ್ನ ಕಾರಿನ್ಯಾಗ ಬರ್ತಾಳ, ಇಲ್ಲಾಂದ್ರ ಬರೂದ ಬ್ಯಾಡ" ಅಂದ. ಆ ಕಡೆಯ ಮಾತು ನನ್ನ ಎದೆಗೆ ನಾಟಿತು. ಐದನೆಯ ತಿಂಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಮನೆ ತುಂಬಿಸಿಕೊಳ್ಳಬೇಕೆಂದು ನಾನು ದಿನ ನೋಡುತ್ತಿದ್ದರೆ, ಇವರಿಬ್ಬರು ಗಾಡಿಯ ಮೇಲೆ ಹಟ ಕಟ್ಟಿ ಕೂತರಲ್ಲ ಎಂದು ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು. ಗಂಡಸರ ಹಟದಲ್ಲಿ ಎಷ್ಟೋ ಮನೆಗಳ ತೊಟ್ಟಿಲು ಖಾಲಿ ತೂಗಿದ್ದನ್ನು ನಾನು ನೋಡಿದ್ದೇನೆ.

ಕಲ್ಮೇಶ ಕಾರನ್ನು ಸಿಂದಗಿಯ ತೌಸಿಫನಿಗೆ ತೋರಿಸಿದ. ಒಳ್ಳೆಯ ಮೆಕ್ಯಾನಿಕ್ ಅವನು. ನೋಡಿದವನೇ, "ಇಂಜಿನ್ ಗಟ್ಟಿ ಐತ್ರಿ ಸರ್, ಮ್ಯಾಲಿನ ಮುಚ್ಚಳದ ರಬ್ಬರ ಸತ್ತೈತಿ" ಅಂದನಂತೆ. ಇಂಜಿನ್ನಿನ ತಲೆಯ ಮೇಲೊಂದು ಮುಚ್ಚಳ, ಅದರ ಅಂಚಿಗೊಂದು ರಬ್ಬರಿನ ಗ್ಯಾಸ್ಕೆಟ್. ಅದು ಗಡುಸಾಗಿ ಎಣ್ಣೆ ಸೋರಿ, ಕಾದ ಪೈಪಿನ ಮೇಲೆ ಬಿದ್ದು ಹೊಗೆಯಾಗುತ್ತಿತ್ತು. ಕಿಡಿ ಹೊಡೆಯುವ ಪ್ಲಗ್ಗಿನ ಗುಂಡಿಗಳಿಗೂ ಇಳಿದು ಇಂಜಿನ್ ನಡುಗುತ್ತಿತ್ತು. ತೌಸಿಫ ಅಲ್ಲೇ ಹಾಕಿ ಕೊಡುತ್ತೇನೆ ಎಂದರೂ ನಿನ್ನ ಗಂಡ ಒಪ್ಪಲಿಲ್ಲ. ಅತ್ತೆಮನೆಯಲ್ಲಿ ಆದ ಅವಮಾನವನ್ನು ಬೇರೆಯವರ ಕೈಯಿಂದ ತೊಳೆಸಿಕೊಳ್ಳಬಾರದಂತೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಒಂದು ರಬ್ಬರ್ ಬದಲಿಸಲು ಬರುವುದಿಲ್ಲವೇ ಎಂದು ಗ್ಯಾಸ್ಕೆಟ್, ಪ್ಲಗ್ಗು ಎಲ್ಲ ತಂದುಕೊಂಡ. ಮುಚ್ಚಳದ ಬೋಲ್ಟುಗಳು ಸಣ್ಣವು, ಕೈಬಿಗಿ ಸಾಕು, ಜೋರು ಹಚ್ಚಬೇಡಿ ಎಂದು ತೌಸಿಫ ಮತ್ತೆ ಮತ್ತೆ ಹೇಳಿ ಕಳಿಸಿದ್ದನಂತೆ. ಈ ಮಾತು ನೆನಪಿಟ್ಟುಕೋ.

ನಿನ್ನೆ ಎರಡನೇ ಶನಿವಾರ, ಸಾಲಿಗೆ ರಜೆ. ಬೆಳಿಗ್ಗೆಯೇ ಬೇವಿನ ನೆರಳಿಗೆ ಕಾರು ನಿಲ್ಲಿಸಿ ಬಾನೆಟ್ ಎತ್ತಿದ. ನಾನು ಕಟ್ಟೆಯ ಮೇಲೆ ಹೊನ್ನಿಯ ಕೌದಿ ಹೊಲಿಯುತ್ತಾ ಕೂತೆ. ನಿನ್ನ ಹಳೆಯ ಸೀರೆಗಳೆಲ್ಲ ಅದರಲ್ಲಿವೆ, ಆ ಗಿಳಿಹಸಿರಿನದೂ ಇದೆ, ಬಯ್ಯಬೇಡ. ಯಾವ ವೈರು ಯಾವ ಪ್ಲಗ್ಗಿನದು ಎಂದು ಆಮೇಲೆ ಪೇಚಾಡಬಾರದೆಂದು ಅದೇ ಚೂರುಗಳಿಂದ ಒಂದೊಂದಕ್ಕೆ ಒಂದೊಂದು ಬಣ್ಣ ಕಟ್ಟಿಕೊಟ್ಟೆ. ನಮ್ಮ ಇಂಜಿನ್ ಈ ಊರಿನಲ್ಲಿ ಸೀರೆ ಉಟ್ಟ ಮೊದಲ ಇಂಜಿನ್ ಇರಬೇಕು. ಬೋಲ್ಟುಗಳಿಗೆಂದು ನನ್ನ ಊಟದ ತಾಟು ಹೋಯಿತು, ಗುಂಡಿ ತಿಕ್ಕಲು ನನ್ನ ಹಲ್ಲಿನ ಬ್ರಷ್ಷು ಹೋಯಿತು. ಹಳೆಯ ರಬ್ಬರ್ ಕೆರೆಯಲು ರೊಟ್ಟಿ ಮಗುಚುವ ಸಟ್ಟುಗಕ್ಕೆ ಕೈ ಹಾಕಿದಾಗ ಮಾತ್ರ ನಾನು ಎದ್ದು ಕಸಿದುಕೊಂಡೆ. ಕೊನೆಯ ಗುಂಡಿಯಲ್ಲಿ ಎಣ್ಣೆ ತುಂಬಿ ನಿಂತಿತ್ತು. ಅದು ಇಂಜಿನ್ನಿನೊಳಗೆ ಇಳಿಯಬಾರದೆಂದು ಕಡ್ಡಿಗೆ ಬಟ್ಟೆ ಸುತ್ತಿ ಹೀರಿ ತೆಗೆದು, ಆಮೇಲೆ ಪ್ಲಗ್ ಬಿಚ್ಚಿದ. ಕಾಡಿಗೆ ಮೆತ್ತಿದ ಹಾಗಿತ್ತು. ಮುಖವೆಲ್ಲ ಮಸಿ ಮಾಡಿಕೊಂಡು, ಹಾಡು ಗುನುಗುತ್ತಾ ಕೆಲಸ ಮಾಡುತ್ತಿದ್ದ ಅವನನ್ನು ನೋಡಿ ನನಗೆ ಸಂತೋಷವಾಯಿತು. ನೀನು ಹೋದ ಮೇಲೆ ಅವನು ಹಾಡಿದ್ದು ನಿನ್ನೆಯೇ.

ಮಧ್ಯಾಹ್ನ ಹೊಸ ಗ್ಯಾಸ್ಕೆಟ್ ಕೂಡಿಸಿ ಮುಚ್ಚಳದ ಬೋಲ್ಟು ಬಿಗಿಯುವ ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ನಿಮ್ಮಪ್ಪ, ಗುರುಲಿಂಗಪ್ಪನವರು! ಬುಧವಾರ ಜೀಪಿನಲ್ಲಿ ನಾವೇ ಕಳಿಸುತ್ತೇವೆ, ನೀವು ಬರುವುದು ಬೇಡ ಎಂದು ಹೇಳಿಹೋಗಲು ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದಿದ್ದರು. ಆದರೆ ಬಿಚ್ಚಿದ ಇಂಜಿನ್ ಕಂಡ ಮೇಲೆ ನಿಮ್ಮಪ್ಪನ ಕಾಲು ಮನೆಯೊಳಗೆ ಬರುತ್ತದೆಯೇ? ಅಳಿಯನ ಜೊತೆ ಮಾತಿಲ್ಲ, ನನ್ನ ಜೊತೆ ಮಾತಾಡುವ ಹಾಗೆ ಇಂಜಿನ್ನಿಗೆ ಬುದ್ಧಿ ಹೇಳಿದರು. ಟ್ರ್ಯಾಕ್ಟರಿಗೆ ಇಂಥ ಪ್ಲಗ್ಗೇ ಇರುವುದಿಲ್ಲ, ಅದಕ್ಕೇ ಅದು ಕೆಡುವುದಿಲ್ಲ ಎಂದರು. ಇಷ್ಟು ಸಡಿಲ ಬಿಟ್ಟರೆ ಮತ್ತೆ ಸೋರುತ್ತದೆ ಎಂದರು. ಕಲ್ಮೇಶ ಕೈಬಿಗಿ ಸಾಕು ಎಂದ, ನನಗೇ ಹೇಳುವ ಹಾಗೆ. ಬೀಗರು ತೋಳು ಮಡಚಿ ಅವನ ಕೈಯಿಂದ ಬೋಲ್ಟು ತಿರುಗಿಸುವ ಪಾನಾ ಇಸಿದುಕೊಂಡು, "ಸರೀರಿ, ಬಿಗಿ ಅಂದ್ರೇನು ತೋರಸ್ತೇನಿ" ಎಂದು ಒಂದು ಎಳೆತ ಎಳೆದರು. ಟಕ್ಕೆಂದಿತು. ಬೋಲ್ಟಿನ ತಲೆ ಅವರ ಕೈಗೆ ಬಂತು.

ಆಗ ಅವರ ಮುಖ ನೀನು ನೋಡಬೇಕಿತ್ತು. ಸಾಲಿಯ ಸ್ಲೇಟು ಒಡೆದ ಹುಡುಗನ ಮುಖ ಅದು. ನನ್ನ ಮಗ ಬಾಯಿ ತೆರೆದರೆ ಸಂಬಂಧವೇ ಮುರಿಯುತ್ತದೆ ಎಂದು ನಾನು ಚಹಾ, ನೀರು, ಮಜ್ಜಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಕೇಳಿದೆ. ಮುರಿದ ತುಂಡು ತೆಗೆಯಲು ಕಲ್ಮೇಶ ಮುಚ್ಚಳ ಮತ್ತೆ ಎತ್ತಿದ. ತುಂಡು ಇಕ್ಕಳಕ್ಕೆ ಸಿಕ್ಕು ಸುಲಭವಾಗಿ ತಿರುಗಿ ಬಂತು. ಆದರೆ ಅವನ ಕಣ್ಣು ಬೇರೆಲ್ಲೋ ಇತ್ತು. ಹಿಂದಿನ ಮೂಲೆಯಲ್ಲಿ ಹಳೆಯ ರಬ್ಬರಿನ ಒಂದು ಚೂರು, ಉಗುರು ಕತ್ತರಿಸಿ ಬಿದ್ದಷ್ಟು, ಅಲ್ಲೇ ಅಂಟಿಕೊಂಡಿತ್ತು. ಹೊಸದು ಅದರ ಮೇಲೆ ಕೂತಿತ್ತು. ಹಾಗೇ ಬಿಟ್ಟಿದ್ದರೆ ನಿಮ್ಮೂರ ದಾರಿಯಲ್ಲಿ ತಾಳಿಕೋಟಿ ಮುಟ್ಟುವುದರೊಳಗೆ ಮತ್ತೆ ಹೊಗೆ. ಮುಚ್ಚಿಡಬಹುದಿತ್ತು. ಅವನು ಆ ಚೂರನ್ನು ಅಂಗೈಯಲ್ಲಿಟ್ಟು ನಿಮ್ಮಪ್ಪನಿಗೆ ತೋರಿಸಿ, "ಮಾಮಾರ, ನೀವು ಮುರೀದಿದ್ರ ನಂಗ ಇದು ಕಾಣ್ತಿದ್ದಿಲ್ರಿ" ಅಂದ. ನಿಮ್ಮಪ್ಪ ಆ ಚೂರನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಬೋಲ್ಟ್ ನಾನ ತರ್ತೇನಿ. ನಡಿ, ಗಾಡಿ ತಗಿ" ಅಂದರು. ಇಬ್ಬರೂ ಒಂದೇ ಮೋಟರ್ ಸೈಕಲ್ಲಿನ ಮೇಲೆ ಸಿಂದಗಿಗೆ ಹೋಗಿ ಬಂದರು. ಬರುವಾಗ ನಿಮ್ಮಪ್ಪನ ಕೈ ಅಳಿಯನ ಹೆಗಲ ಮೇಲಿತ್ತು. ಹಿಡಿದುಕೊಳ್ಳಲು ಹಿಂದೆ ಕಂಬಿ ಇತ್ತು, ಆದರೂ ಹೆಗಲನ್ನೇ ಹಿಡಿದಿದ್ದರು, ನಾನು ಸುಳ್ಳು ಹೇಳುವುದಿಲ್ಲ. ನಾನು ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಹೊಸ ಬೋಲ್ಟನ್ನು ಕೈಬಿಗಿಯಲ್ಲೇ ಹಾಕಿ ಮುಗಿಸುವಷ್ಟರಲ್ಲಿ ಕತ್ತಲಾಗಿ, ನಿಮ್ಮಪ್ಪ ರಾತ್ರಿ ಇಲ್ಲೇ ಉಳಿದರು. ಇಂದು ಬೆಳಿಗ್ಗೆ ಮೂವರೂ ಕಾರಿನಲ್ಲಿ ಸಿಂದಗಿಯವರೆಗೆ ಹೋಗಿ ಬಂದೆವು. ನಡುಕವಿಲ್ಲ, ಹೊಗೆಯಿಲ್ಲ. ಮನೆ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿ ನಿಮ್ಮಪ್ಪ, "ಅಕ್ಕಾರ, ನಿಮ್ಮ ಮೂಗು ಏನ್ ಅಂತೈತ್ರಿ?" ಎಂದು ಕೇಳಿದರು. ನನ್ನ ಮೂಗಿನ ವಿಷಯ ನಿನಗೆ ಗೊತ್ತು. ಮೊದಲ ವರ್ಷ ನೀನು ಹಾಲು ಸೀಯಿಸಿ ಪಾತ್ರೆ ಬಚ್ಚಿಟ್ಟಾಗ ಹಿತ್ತಲಿಂದಲೇ ಕಂಡುಹಿಡಿದವಳು ನಾನು. ಬಗ್ಗಿ ಮೂಸಿದೆ. ಬಿಸಿ ಕಬ್ಬಿಣದ ವಾಸನೆ, ಬೇವಿನ ವಾಸನೆ, ಅಷ್ಟೇ. ಎಣ್ಣೆಯ ಸುಳಿವಿಲ್ಲ ಎಂದು ತೀರ್ಪು ಕೊಟ್ಟೆ. ಹಾಗಾದರೆ ನನ್ನ ಮೊಮ್ಮಗಳು ಇದರಲ್ಲೇ ಬರಲಿ ಎಂದು ನಿಮ್ಮಪ್ಪ ಅವರ ಬಾಯಿಂದಲೇ ಹೇಳಿದರು. ನಾಳೆ ಬೆಳಿಗ್ಗೆ ಮಾವ ಅಳಿಯ ಇಬ್ಬರೂ ಇದೇ ಕಾರಿನಲ್ಲಿ ಹೊರಡುತ್ತಾರೆ, ಬುಧವಾರ ನಿನ್ನನ್ನೂ ಕೂಸನ್ನೂ ಕರೆದುಕೊಂಡು ಬರುವುದಂತೆ. ಬೋಲ್ಟು ಮುರಿದದ್ದನ್ನು ನಿನಗೆ ಹೇಳಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಾರೆ. ನಾನು ಹೇಳಿಲ್ಲ, ಬರೆದಿದ್ದೇನೆ.

ನಿಮ್ಮವ್ವನಿಗೆ ನನ್ನ ಶರಣು ತಿಳಿಸು. ಹೊನ್ನಿಯ ಎರಡೂ ಗಲ್ಲಕ್ಕೆ ನನ್ನ ಮುತ್ತು. ನಿನಗೆ ನೂರು ವರ್ಷದ ಗಟ್ಟಿ ಆಯುಷ್ಯವಿರಲಿ.

ನಿನ್ನ ಅತ್ತೆ,
ಸುನಂದಾ

ತಾ. ಕ.: ನಿಮ್ಮಪ್ಪನ ಕೈಯಲ್ಲೇ ಕಳಿಸುವ ಈ ಕವರು ಅಂಟಿಸುವ ಮೊದಲು ಅವಸರದಲ್ಲಿ ಇಷ್ಟು. ಕಾರೋ ಜೀಪೋ ಎಂದು ಇಬ್ಬರೂ ಬಡಿದಾಡಿದರು, ಬರುವ ಮನಸ್ಸು ಇದೆಯೇ ಎಂದು ನಿನ್ನನ್ನು ಯಾರೂ ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ. ಕಲ್ಮೇಶನನ್ನು ಎತ್ತಿಕೊಂಡು ಈ ಮನೆಗೆ ಬರುವಾಗ ಇನ್ನೊಂದು ತಿಂಗಳು ಅವ್ವನ ಮಗ್ಗುಲಲ್ಲಿ ಮಲಗಬೇಕು ಎಂದು ನನಗೆ ಬಹಳ ಅನಿಸಿತ್ತು, ಹೇಳಲು ಬಾಯಿ ಬರಲಿಲ್ಲ. ನಿನಗೂ ಹಾಗೆ ಅನಿಸುತ್ತಿದ್ದರೆ ಯಾರ ಜೊತೆಗೂ ವಾದ ಮಾಡಬೇಡ. ಬುಧವಾರ ಕಾರಿನ ಬಾಗಿಲು ತೆರೆದು, ಇನ್ನೂ ಎಣ್ಣೆ ವಾಸನೆ ಬರುತ್ತದೆ, ಕೂಸಿಗೆ ಆಗುವುದಿಲ್ಲ ಎಂದುಬಿಡು. ಆರನೆಯ ತಿಂಗಳು ಆಗಿಬರುವುದಿಲ್ಲ ಎಂದು ಯಾರಾದರೂ ಅಂದರೆ ನನ್ನ ಹೆಸರು ಹೇಳು. ಇಲ್ಲಿ ಖಾಲಿ ಕಾರು ಬಂದು ನಿಂತರೆ, ವಯಸ್ಸಾಯಿತು, ನನ್ನ ಮೂಗು ಕೆಟ್ಟಿದೆ ಎಂದು ನಾನೇ ಮೊದಲು ಒಪ್ಪಿಕೊಳ್ಳುತ್ತೇನೆ. ಬರುವ ಮನಸ್ಸಿದ್ದರೆ, ಕೌದಿ ಹಿಂದಿನ ಸೀಟಿನ ಮೇಲಿದೆ.